ಪೇಪರ್ ಜೋಡಿಸೋಕೆ ಡಿಗ್ರಿ ಯಾಕೆ?

ಪ್ರಶ್ನೆ: ಮಗಳು ಬಿ.ಎ. ಮುಗಿಸಿದ್ದಾಳೆ. ಗ್ರಂಥಾಲಯ ವಿಜ್ಞಾನ ಓದಿ ಸಾರ್ವಜನಿಕ ಗ್ರಂಥಾಲಯದಲ್ಲೇ ಕೆಲಸ ಮಾಡಬೇಕೆಂಬ ಆಸೆ ಅವಳಿಗೆ. ಮನೆಯಲ್ಲಿ ಎಲ್ಲರೂ ನಗುತ್ತಾರೆ. ‘ಪೇಪರ್ ಜೋಡಿಸೋಕೆ, ಪುಸ್ತಕಕ್ಕೆ ಸೀಲ್ ಹಾಕೋಕೆ ಡಿಗ್ರಿ ಯಾಕೆ? ಗೂಗಲ್ ಇರುವಾಗ ಲೈಬ್ರರಿಗೆ ಯಾರು ಬರ್ತಾರೆ?’ ಎನ್ನುತ್ತಾರೆ ಅವಳ ಸೋದರಮಾವ. ಗ್ರಂಥಪಾಲಕರು ಇಡೀ ದಿನ ನಿಜಕ್ಕೂ ಏನು ಮಾಡುತ್ತಾರೆ? ಈ ಕೆಲಸಕ್ಕೆ ಬೆಲೆ ಇದೆಯೇ? ಯಾವ ದಾರಿಯಲ್ಲಿ ಹೋದರೆ ಒಳ್ಳೆಯದು?

ಉತ್ತರ: ಸೋದರಮಾವನನ್ನು ತಪ್ಪು ತಿಳಿಯಬೇಡಿ. ಅವರಿಗೆ ಬಂದ ಅನುಮಾನ ಈ ವಿದ್ಯೆಯ ಹಿರಿಯಜ್ಜನಿಗೇ ಬಂದಿತ್ತು. ಆ ಹಿರಿಯಜ್ಜ ಎಸ್.ಆರ್. ರಂಗನಾಥನ್, ಮೊದಲು ಗಣಿತದ ಮೇಷ್ಟ್ರು. 1924ರ ಜನವರಿಯಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾಗಿ ಬಂದವರು ಕೆಲವೇ ದಿನಗಳಲ್ಲಿ ಬೇಸತ್ತು, ಮಾಡಲು ಕೆಲಸವೇ ಇಲ್ಲ, ಪಾಠಕ್ಕೇ ವಾಪಸು ಕರೆಸಿಕೊಳ್ಳಿ ಎಂದು ಹಳೆಯ ಕಾಲೇಜಿನ ಬಾಗಿಲು ತಟ್ಟಿದ್ದರು. ತರಬೇತಿಗೆಂದು ಲಂಡನ್ನಿಗೆ ಹೋಗಿ, ಅಲ್ಲಿನ ಸಾರ್ವಜನಿಕ ಗ್ರಂಥಾಲಯಗಳನ್ನು ಸುತ್ತಿ ನೋಡಿದ ಮೇಲೆ ಅವರ ಮನಸ್ಸು ತಿರುಗಿತು. ಕೊನೆಗಾಲದಲ್ಲಿ ಅವರು ನೆಲೆಸಿದ್ದು ಬೆಂಗಳೂರಿನಲ್ಲಿ. ಇಲ್ಲೇ 1962ರಲ್ಲಿ ದಾಖಲೀಕರಣ ಸಂಶೋಧನಾ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದರು, ಇಲ್ಲೇ 1972ರಲ್ಲಿ ತೀರಿಕೊಂಡರು. ಅವರ ಹುಟ್ಟುಹಬ್ಬವೆಂದು ಆಗಸ್ಟ್ 12ರಂದು ಗ್ರಂಥಪಾಲಕರ ದಿನ ಆಚರಿಸುತ್ತೇವೆ. ಅಂದು ಹಾರ ಹಾಕುವವರಲ್ಲಿ ಎಷ್ಟೋ ಜನರಿಗೆ ಈ ಮೊದಲ ವಾರದ ಕಥೆ ಗೊತ್ತಿರುವುದಿಲ್ಲ.

ಈ ಕೆಲಸ ಚೆನ್ನಾಗಿ ನಡೆದಾಗ ಕಣ್ಣಿಗೆ ಕಾಣುವುದಿಲ್ಲ. ಕೆಟ್ಟಾಗ ಮಾತ್ರ ಕಾಣುತ್ತದೆ. ತಪ್ಪು ಕಪಾಟಿಗೆ ಸೇರಿದ ಪುಸ್ತಕ ಕಳೆದುಹೋದ ಪುಸ್ತಕಕ್ಕೆ ಸಮ. ಸರಿಯಾದ ಜಾಗದಲ್ಲಿದ್ದರೆ ಓದುಗ ತಾನೇ ಹುಡುಕಿ ತೆಗೆದುಕೊಂಡೆ ಅಂದುಕೊಳ್ಳುತ್ತಾನೆ, ಅದು ಅಲ್ಲಿರುವಂತೆ ಮಾಡಿದವರ ನೆನಪು ಅವನಿಗೆ ಬರುವುದಿಲ್ಲ. ಬೆಲೆಯ ಪ್ರಶ್ನೆಯ ಅರ್ಧ ಉತ್ತರ ಇಲ್ಲಿದೆ. ಇನ್ನರ್ಧ ಲೆಕ್ಕದ ಪುಸ್ತಕದಲ್ಲಿದೆ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ದಿನದ ಕೆಲಸ. ಶಾಖಾ ಗ್ರಂಥಾಲಯಕ್ಕೆ ಸಾಮಾನ್ಯವಾಗಿ ಸೋಮವಾರ ರಜೆ, ಭಾನುವಾರ ಕೆಲಸ. ಅನೇಕ ಕಡೆ ಬೆಳಿಗ್ಗೆ ಸ್ವಲ್ಪ ಹೊತ್ತು, ಸಂಜೆ ಸ್ವಲ್ಪ ಹೊತ್ತು ಎಂದು ದಿನ ಎರಡು ತುಂಡಾಗಿರುತ್ತದೆ. ಮನೆ ಹತ್ತಿರವಿದ್ದರೆ ಸರಿ, ಬಸ್ಸಿನಲ್ಲಿ ಬರುವವರಿಗೆ ನಡುವಿನ ಮಧ್ಯಾಹ್ನ ಅಲ್ಲೂ ಇಲ್ಲ ಇಲ್ಲೂ ಇಲ್ಲ. ನಂಟರ ಮದುವೆ, ಸಂಘದ ಸಭೆ, ಮಕ್ಕಳ ರಜೆ ಎಲ್ಲ ಭಾನುವಾರವೇ ಬರುತ್ತವೆ. ಇದು ಸಣ್ಣ ವಿಷಯವಲ್ಲ, ಮಗಳು ಈಗಲೇ ಯೋಚಿಸಿಟ್ಟುಕೊಳ್ಳಲಿ.

ಬಾಗಿಲು ತೆಗೆದ ಮೊದಲ ಅರ್ಧ ಗಂಟೆ ಪತ್ರಿಕೆಗಳದ್ದೇ. ಬಂದ ಪತ್ರಿಕೆಗಳನ್ನು ಹಾಜರಿ ಪುಸ್ತಕದಲ್ಲಿ ಗುರುತು ಹಾಕಬೇಕು. ಬಾರದ ಪತ್ರಿಕೆಗೆ ಏಜೆಂಟನ ಬಿಲ್ಲಿನಲ್ಲಿ ಹಣ ಕಡಿತವಾಗುವುದು ಈ ಗುರುತಿನ ಆಧಾರದಲ್ಲಿ. ಮುದ್ರೆ ಪುಟದ ಖಾಲಿ ಅಂಚಿನಲ್ಲಿ ಬೀಳಬೇಕು. ಉದ್ಯೋಗ ಪ್ರಕಟಣೆಯ ಮೇಲೆ ಬಿದ್ದರೆ ಅಂದು ಸಂಜೆಯೊಳಗೆ ನಾಲ್ಕು ಜನರಿಂದ ಬೈಸಿಕೊಳ್ಳುವುದು ಖಾತ್ರಿ. ಪುಟಗಳನ್ನು ಬಿಡಿಯಾಗಲು ಬಿಡದೆ ಕೋಲಿಗೆ ಸಿಕ್ಕಿಸಬೇಕು ಅಥವಾ ಮಡಿಕೆಯಲ್ಲಿ ಪಿನ್ ಹಾಕಬೇಕು. ಇಷ್ಟೂ ಮಾಡದಿದ್ದರೆ ಹತ್ತು ಗಂಟೆಯ ಹೊತ್ತಿಗೆ ಕ್ರೀಡಾ ಪುಟ ಒಂದು ಮೇಜಿನ ಮೇಲೆ, ಸಂಪಾದಕೀಯ ಇನ್ನೊಂದರ ಮೇಲೆ. ಹಳೆಯ ಪತ್ರಿಕೆ ರದ್ದಿಗೆ ಹೋಗುವಾಗ ತೂಕ, ದರ, ಹಣ ಜಮೆಯಾದ ಚಲನ್ ಮೂರೂ ದಾಖಲಾಗಬೇಕು. ಲೆಕ್ಕ ತಪಾಸಣೆಯವರು ತಪ್ಪದೆ ಕೇಳುವ ಕಾಗದ ಅದು. ಸೋದರಮಾವ ಹೇಳುವ ‘ಪೇಪರ್ ಜೋಡಿಸುವುದು’ ಇಲ್ಲಿಗೆ ಮುಗಿಯಿತು, ದಿನ ಮುಗಿದಿಲ್ಲ.

ಹೊಸ ಪುಸ್ತಕದ ಕಟ್ಟು ಬಂದಾಗ ನಿಜವಾದ ಕೈಕೆಲಸ ಶುರುವಾಗುತ್ತದೆ. ಮೊದಲು ಬಿಲ್ಲಿನ ಜೊತೆ ತಾಳೆ ನೋಡುವುದು: ಶೀರ್ಷಿಕೆ, ಪ್ರತಿ, ಬೆಲೆ. ಆಮೇಲೆ ಪ್ರತಿ ಪುಸ್ತಕದ ಪುಟ ತಿರುವಿ ನೋಡಬೇಕು. ಒಂದು ಫಾರಂ (ಒಟ್ಟಿಗೆ ಮಡಿಸಿ ಹೊಲಿಯುವ ಪುಟಗಳ ಕಂತೆ) ಬಿಟ್ಟುಹೋಗಿರುತ್ತದೆ, ಇನ್ನೊಂದು ಎರಡು ಸಲ ಹೊಲಿದಿರುತ್ತದೆ, ಕೆಲವು ಪುಟ ಬಿಳಿ ಬಂದಿರುತ್ತದೆ. ಇದನ್ನು ಅಕ್ಸೆಶನ್ ರಿಜಿಸ್ಟರಿಗೆ, ಅಂದರೆ ಬಂದ ಪ್ರತಿ ಪುಸ್ತಕಕ್ಕೂ ಕ್ರಮಸಂಖ್ಯೆ ಕೊಡುವ ದಾಸ್ತಾನು ಪುಸ್ತಕಕ್ಕೆ, ಏರಿಸುವ ಮೊದಲೇ ನೋಡಬೇಕು. ನಂಬರ್ ಬಿದ್ದು ಬಿಲ್ಲಿನ ಹಿಂದೆ ‘ದಾಸ್ತಾನಿಗೆ ತೆಗೆದುಕೊಂಡಿದೆ’ ಎಂದು ಸಹಿ ಆದ ಮೇಲೆ ಕೆಟ್ಟ ಪ್ರತಿ ವಾಪಸು ಹೋಗುವುದಿಲ್ಲ, ಅದು ನಿಮ್ಮ ಕಪಾಟಿನ ಶಾಶ್ವತ ಸದಸ್ಯ. ಹೊಸಬರು ಮಾಡುವ ಮೊದಲ ತಪ್ಪು ಇದೇ.

ರಿಜಿಸ್ಟರಿನಲ್ಲಿ ದಿನಾಂಕ, ಕ್ರಮಸಂಖ್ಯೆ, ಲೇಖಕ, ಶೀರ್ಷಿಕೆ, ಪ್ರಕಾಶಕ, ವರ್ಷ, ಪುಟ, ಬೆಲೆ, ಬಿಲ್ ನಂಬರ್ ಬರೆಯಬೇಕು. ಒಂದು ಸಂಖ್ಯೆಯನ್ನು ಇನ್ನೊಂದು ಪುಸ್ತಕಕ್ಕೆ ಎಂದೂ ಕೊಡಬಾರದು, ಆ ಪುಸ್ತಕ ಹೋಗಿ ಇಪ್ಪತ್ತು ವರ್ಷವಾಗಿದ್ದರೂ ಸರಿ. ಆಮೇಲೆ ಶೀರ್ಷಿಕೆ ಪುಟದ ಹಿಂಬದಿಯಲ್ಲಿ ಮುದ್ರೆ, ಜೊತೆಗೆ ಗ್ರಂಥಾಲಯದವರಿಗೆ ಮಾತ್ರ ಗೊತ್ತಿರುವ ಒಂದು ‘ಗುಪ್ತ ಪುಟ’ದಲ್ಲಿ ಇನ್ನೊಂದು. ಮೊದಲ ಪುಟ ಹರಿದು ಸೆಕೆಂಡ್ ಹ್ಯಾಂಡ್ ಅಂಗಡಿಗೆ ಸೇರಿದ ಪುಸ್ತಕವನ್ನು ಈ ಎರಡನೆಯ ಮುದ್ರೆಯೇ ಪತ್ತೆ ಮಾಡಿಕೊಡುವುದು. ನಂತರ ವರ್ಗೀಕರಣ (ವಿಷಯದ ನಂಬರ್ ಕೊಡುವುದು), ಸೂಚೀಕರಣ (ಹುಡುಕಿದರೆ ಸಿಗುವಂತೆ ಪಟ್ಟಿಗೆ ಸೇರಿಸುವುದು), ಬೆನ್ನಿಗೆ ಚೀಟಿ, ಕೊನೆಯ ಪುಟಕ್ಕೆ ದಿನಾಂಕದ ಚೀಟಿ. ಬೆನ್ನಿನ ಚೀಟಿ ಬುಡದಿಂದ ಸುಮಾರು ಎರಡೂವರೆ ಸೆಂಟಿಮೀಟರ್ ಮೇಲಿರಲಿ. ಎಲ್ಲ ಒಂದೇ ಎತ್ತರದಲ್ಲಿದ್ದರೆ ಕಣ್ಣು ಗೆರೆ ಹಿಡಿದು ಓಡುತ್ತದೆ. ಅರವತ್ತು ಪುಟದ ಕವನ ಸಂಕಲನಕ್ಕೆ ಬೆನ್ನೇ ಇರುವುದಿಲ್ಲ, ಅದಕ್ಕೆ ಮುಖಪುಟದ ಎಡ ಕೆಳಮೂಲೆ.

ಕೈ ಪಳಗಿದವರಿಗೂ ಒಂದು ಪುಸ್ತಕಕ್ಕೆ ಹದಿನೈದು ನಿಮಿಷ ಬೇಕು. ಐನೂರು ಪುಸ್ತಕದ ಕಟ್ಟು ಬಂತೆಂದರೆ 125 ಗಂಟೆ. ಓದುಗರನ್ನು ನೋಡಿಕೊಳ್ಳುತ್ತಲೇ ಒಬ್ಬರೇ ದಿನಕ್ಕೆ ಎರಡು ಗಂಟೆ ಹೊಂದಿಸಿದರೂ 62ಕ್ಕೂ ಹೆಚ್ಚು ಕೆಲಸದ ದಿನ, ಅಂದರೆ ಎರಡೂವರೆ ತಿಂಗಳು. ‘ಪುಸ್ತಕ ಬಂದು ತಿಂಗಳಾಯಿತು, ಇನ್ನೂ ಕಟ್ಟು ಬಿಚ್ಚಿಲ್ಲ’ ಎಂದು ಊರಿನವರು ಆಡಿಕೊಳ್ಳುವಾಗ ಈ ಗುಣಾಕಾರ ಯಾರೂ ಮಾಡಿರುವುದಿಲ್ಲ.

ಡಿಗ್ರಿ ಯಾಕೆ ಎಂಬುದಕ್ಕೆ ಉತ್ತರ ವರ್ಗೀಕರಣದಲ್ಲಿ ಸಿಗುತ್ತದೆ. ವಿಷಯಕ್ಕೊಂದು ಸಂಖ್ಯೆ ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ದಶಾಂಶ ಪದ್ಧತಿಯಲ್ಲಿ ಇಡೀ ಕನ್ನಡ ಸಾಹಿತ್ಯಕ್ಕೆ ಸಿಕ್ಕಿರುವ ಜಾಗ 894.814. ಕಾವ್ಯಕ್ಕೆ 894.8141, ನಾಟಕಕ್ಕೆ 894.8142, ಕಾದಂಬರಿ-ಕಥೆಗೆ 894.8143. ಅಮೆರಿಕದಲ್ಲಿ ಕುಳಿತು ಹತ್ತೊಂಬತ್ತನೆಯ ಶತಮಾನದಲ್ಲಿ ಮಾಡಿದ ಹಂಚಿಕೆಯ ಮೂಲೆಯೊಂದರಲ್ಲಿ ನಮ್ಮ ಭಾಷೆ ಕುಳಿತಿದೆ. ಹೊಸಗನ್ನಡದ ಸಾವಿರಾರು ಕಾದಂಬರಿಗಳಿಗೆ ಒಂದೇ ನಂಬರ್ ಬಿದ್ದರೆ ಆ ನಂಬರಿನಿಂದ ಪ್ರಯೋಜನವೇನು? ಆದ್ದರಿಂದ ಕನ್ನಡ ಗ್ರಂಥಾಲಯದಲ್ಲಿ ಪುಸ್ತಕ ಸಿಗುವುದೂ ಸಿಗದಿರುವುದೂ ನಂಬರಿನ ಕೆಳಗಿರುವ ಲೇಖಕರ ಗುರುತನ್ನು ಅವಲಂಬಿಸಿದೆ.

ತೊಡಕು ಶುರುವಾಗುವುದೂ ಅಲ್ಲೇ. ಇಂಗ್ಲಿಷಿನವರಿಗೆ ಕುಲನಾಮ ಹಿಡಿದರೆ ಆಯಿತು. ನಮ್ಮಲ್ಲಿ ಮಾಸ್ತಿ ಎಂಬುದು ಊರು, ಕುವೆಂಪು ಎಂಬುದು ಕಾವ್ಯನಾಮ, ಬೇಂದ್ರೆ ಎಂಬುದು ಮನೆತನ, ಅಂಬಿಕಾತನಯದತ್ತರೂ ಅವರೇ. ಮಾಸ್ತಿಯವರನ್ನು ‘ಅಯ್ಯಂಗಾರ್’ ಅಡಿಯಲ್ಲಿ ಇಟ್ಟರೆ ಯಾವ ಕನ್ನಡಿಗನೂ ಅಲ್ಲಿ ಹುಡುಕಲಾರ. ಒಬ್ಬ ಗ್ರಂಥಪಾಲಕರು ಕುವೆಂಪು ಎಂದು, ವರ್ಗವಾಗಿ ಬಂದ ಮುಂದಿನವರು ಪುಟ್ಟಪ್ಪ ಎಂದು ಬರೆದರೆ ಒಬ್ಬನೇ ಲೇಖಕನ ಪುಸ್ತಕಗಳು ಎರಡು ಕಪಾಟಿಗೆ ಹರಿದು ಹೋಗುತ್ತವೆ. ಪರಿಹಾರ ಸರಳ, ಬೇಸರದ್ದು: ಓದುಗರ ಬಾಯಲ್ಲಿರುವ ಹೆಸರನ್ನು ಮುಖ್ಯವಾಗಿ ಆರಿಸುವುದು, ಉಳಿದ ಎಲ್ಲ ರೂಪಗಳಿಂದ ‘ಇಲ್ಲಿ ನೋಡಿ’ ಎಂಬ ಸೂಚನೆ ಕೊಡುವುದು, ಆ ಪಟ್ಟಿಯನ್ನು ಮೇಜಿನ ಮೇಲೆ ಇಟ್ಟುಕೊಂಡು ಮುಂದಿನವರಿಗೆ ಒಪ್ಪಿಸಿ ಹೋಗುವುದು.

ಕಂಪ್ಯೂಟರ್ ಬಂದ ಮೇಲೆ ಎಲ್ಲ ಸುಲಭವಾಯಿತೆನ್ನುವವರು ‘ನುಡಿ’, ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಕಾಲದ ದತ್ತಾಂಶ ನೋಡಿಲ್ಲ. ಯೂನಿಕೋಡ್‌ಗೆ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಮೊದಲು ಆಯಾ ಫಾಂಟಿನ ಸಂಕೇತದಲ್ಲಿ ಏರಿಸಿದ ಪುಸ್ತಕ ಸೂಚಿ ಪರದೆಯ ಮೇಲೆ ಕನ್ನಡದಂತೆ ಕಾಣುತ್ತದೆ, ಯಂತ್ರದ ಮಟ್ಟಿಗೆ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಕೋಹಾ, ಇ-ಗ್ರಂಥಾಲಯದಂಥ ಗ್ರಂಥಾಲಯ ತಂತ್ರಾಂಶಕ್ಕೆ ಅದನ್ನು ಹಾಗೇ ಸುರಿದರೆ ಹುಡುಕಾಟದಲ್ಲಿ ಏನೂ ಸಿಗುವುದಿಲ್ಲ. ಪರಿವರ್ತಕದಲ್ಲಿ ಹಾಯಿಸಬೇಕು, ಹಾಯಿಸಿದ ಮೇಲೆ ಕನಿಷ್ಠ ನೂರು ದಾಖಲೆಗಳನ್ನು ಕಣ್ಣಿಟ್ಟು ಓದಬೇಕು. ಅರ್ಕಾವೊತ್ತು, ಎರಡೆರಡು ಒತ್ತಕ್ಷರ, ದೀರ್ಘದ ಗುರುತು ಇವು ಮೊದಲು ಮುರಿಯುತ್ತವೆ. ಇಂಗ್ಲಿಷ್ ಲಿಪಿಯಲ್ಲಿ ಏರಿಸಿದ ಕಡೆ ಕಥೆ ಇನ್ನೂ ವಿಚಿತ್ರ. ‘ಶಿವರಾಮ’ ಎಂಬುದನ್ನು ಒಬ್ಬರು ಎಸ್ ಮಾತ್ರ ಹಾಕಿ, ಇನ್ನೊಬ್ಬರು ಎಸ್ ಎಚ್ ಹಾಕಿ ಬರೆದಿರುತ್ತಾರೆ. ಹುಡುಕುವವರಿಗೆ ಯಾವುದೆಂದು ತಿಳಿಯುವುದು ಹೇಗೆ?

ಇನ್ನು ಗೂಗಲ್ ವಿಚಾರ. ಓದುಗ ಕೇಳುವ ಪ್ರಶ್ನೆ ಅವನಿಗೆ ಬೇಕಾದ ಪ್ರಶ್ನೆಯೇ ಆಗಿರುವುದು ಅಪರೂಪ. ‘ಕಾನೂನು ಪುಸ್ತಕ ಇದೆಯಾ?’ ಎಂದು ಬಂದವರಿಗೆ ಬೇಕಿದ್ದದ್ದು ತೀರಿಕೊಂಡ ತಂದೆಯ ಹೆಸರಿನಲ್ಲಿರುವ ಜಮೀನಿನ ಪೌತಿ ಖಾತೆಗೆ ಏನೇನು ಕಾಗದ ಎಂಬ ಮಾಹಿತಿ. ‘ಹಳೇ ಪೇಪರ್ ನೋಡಬೇಕಿತ್ತು’ ಎನ್ನುವವರು ಎಂಟು ವರ್ಷದ ಹಿಂದೆ ಕೊಟ್ಟ ಹೆಸರು ಬದಲಾವಣೆಯ ಪ್ರಕಟಣೆ ಹುಡುಕುತ್ತಿರುತ್ತಾರೆ. ತಮಗೇನು ಬೇಕೆಂದು ಪದಗಳಲ್ಲಿ ಇಡಲಾರದವರಿಗೆ ಗೂಗಲ್ ಸಹಾಯ ಮಾಡದು, ಸರಿಯಾದ ಪದ ಹಾಕಿದರಷ್ಟೇ ಅದು ಬಾಯಿ ಬಿಡುವುದು.

ಇದನ್ನು ಹೊರಗೆಳೆಯುವುದು ಕಲಿತು ಮಾಡುವ ಕೆಲಸ. ‘ಯಾಕೆ ಬೇಕು?’ ಎಂದು ಕೇಳಬಾರದು, ಅದು ವಿಚಾರಣೆಯಂತೆ ಕೇಳುತ್ತದೆ, ಮುಂದಿನವರು ಮುದುಡಿಕೊಳ್ಳುತ್ತಾರೆ. ‘ಯಾವುದಕ್ಕೆ ಬೇಕಿತ್ತು?’ ಎಂದರೆ ಅದೇ ಪ್ರಶ್ನೆ, ಬಾಗಿಲು ತೆರೆದುಕೊಳ್ಳುತ್ತದೆ. ಆಮೇಲೆ ಎಷ್ಟು ಬೇಕು ಎಂಬುದು: ಭಾಷಣಕ್ಕೆ ಎರಡು ಪುಟವೋ, ಪ್ರಬಂಧಕ್ಕೆ ಇಪ್ಪತ್ತೋ. ಯಾವತ್ತಿಗೆ ಬೇಕು? ಈಗಾಗಲೇ ಎಲ್ಲಿ ನೋಡಿದ್ದಾರೆ? ಪುಸ್ತಕ ಕೈಗಿಟ್ಟ ಹತ್ತು ನಿಮಿಷಕ್ಕೆ ಹತ್ತಿರ ಹೋಗಿ ‘ಇದರಲ್ಲಿ ಸಿಕ್ಕಿತಾ?’ ಎಂದು ಕೇಳುವುದು ಕೊನೆಯ ಮೆಟ್ಟಿಲು. ಹೆಚ್ಚಿನವರು ಬಿಟ್ಟುಬಿಡುವುದೂ ಅದನ್ನೇ. ಸಂಕೋಚದಿಂದ ‘ಹೂಂ’ ಎಂದು ಬರಿಗೈಲಿ ಹೋಗುವವರು ಎಷ್ಟೋ ಮಂದಿ. ಕಾನೂನು, ಕಾಯಿಲೆ ಎರಡರಲ್ಲಿ ಮಾತ್ರ ಗೆರೆ ದಾಟಬಾರದು: ಎಲ್ಲಿದೆ ಎಂದು ತೋರಿಸಬಹುದು, ಏನು ಮಾಡಬೇಕೆಂದು ಹೇಳಬಾರದು.

ಇಷ್ಟೆಲ್ಲ ಇದ್ದೂ ಬೆಲೆ ಏಕಿಲ್ಲ? ಜನ ಓದುವುದು ಬಿಟ್ಟರು ಎಂಬುದು ಸುಲಭದ ಉತ್ತರ, ನನ್ನ ಮಟ್ಟಿಗೆ ಅರೆಬರೆ ಉತ್ತರ. ಧಾರವಾಡದ, ವಿಜಯಪುರದ ಗ್ರಂಥಾಲಯದಲ್ಲಿ ಬೆಳಿಗ್ಗೆ ಕುರ್ಚಿ ಹಿಡಿಯಲು ಹೋಗಿ ನೋಡಿ. ಎಫ್‌ಡಿಎ, ಎಸ್‌ಡಿಎ, ಪಿಎಸ್‌ಐ, ಪಿಡಿಒ, ಕೆಎಎಸ್ ಎಂದು ಸರ್ಕಾರಿ ನೌಕರಿಯ ಪರೀಕ್ಷೆಗಳಿಗೆ ಓದುವ ಹುಡುಗ ಹುಡುಗಿಯರು ಬಾಗಿಲು ತೆಗೆಯುವ ಮೊದಲೇ ಚೀಲ ಇಟ್ಟುಕೊಂಡು ನಿಂತಿರುತ್ತಾರೆ. ಅವರು ಪುಸ್ತಕ ಎರವಲು ಪಡೆಯುವುದಿಲ್ಲ, ತಮ್ಮ ಪುಸ್ತಕ ತಾವೇ ತರುತ್ತಾರೆ. ಬೇಕಾದದ್ದು ಕುರ್ಚಿ, ಫ್ಯಾನು, ದೀಪ, ಶೌಚಾಲಯ, ಸದ್ದಿಲ್ಲದ ಆರು ತಾಸು. ಗ್ರಂಥಾಲಯ ತುಂಬಿ ತುಳುಕುತ್ತದೆ. ತಿಂಗಳ ವರದಿಯಲ್ಲಿ ‘ಎರವಲು ನೀಡಿದ ಪುಸ್ತಕ’ ಮಾತ್ರ ಇಳಿದಿರುತ್ತದೆ. ಆ ಒಂದು ಕಾಲಂ ನೋಡಿದ ಮೇಲಿನವರು ‘ಬಳಕೆ ಕಡಿಮೆ’ ಎಂದು ಬರೆಯುತ್ತಾರೆ, ಅದರ ಬೆನ್ನಿಗೆ ಸಿಬ್ಬಂದಿ ಕಡಿತವಾಗುತ್ತದೆ.

ವರದಿ ಪುಸ್ತಕವನ್ನು ಎಣಿಸುತ್ತದೆ, ಕೆಲಸವನ್ನು ಎಣಿಸುವುದಿಲ್ಲ. ರಿಜಿಸ್ಟರಿನ ಕಣ್ಣಿನಲ್ಲಿ ಗ್ರಂಥಪಾಲಕ ಒಬ್ಬ ಉಗ್ರಾಣಿ. ಪುಸ್ತಕ ಕಳೆದರೆ ಜವಾಬ್ದಾರಿ ಅವರದ್ದು, ವಸೂಲಿಯ ನೋಟಿಸು ಅವರ ಹೆಸರಿಗೆ, ನಿವೃತ್ತಿಯ ಹೊತ್ತಿಗೆ ಬಾಕಿ ಇಲ್ಲ ಎಂಬ ಪತ್ರ ಸಿಗುವುದೂ ದಾಸ್ತಾನು ಸರಿಹೊಂದಿದ ಮೇಲೆಯೇ. ಇಷ್ಟು ಭಯವಿಟ್ಟುಕೊಂಡು ಯಾರು ಕಪಾಟು ತೆರೆದಿಟ್ಟಾರು? ಒಳ್ಳೆಯ ಪುಸ್ತಕಗಳೆಲ್ಲ ಬೀಗದೊಳಗೆ, ಹರಿದವು ಮೇಜಿನ ಮೇಲೆ. ಇದನ್ನು ಗ್ರಂಥಪಾಲಕರ ಸೋಮಾರಿತನ ಎನ್ನುವುದು ಅನ್ಯಾಯ. ನಿಯಮ ಹೇಳಿಕೊಟ್ಟ ನಡವಳಿಕೆ ಅದು.

ಈ ಭಯಕ್ಕೆ ಒಂದು ಮದ್ದಿದೆ, ಅದು ಅದೇ ಲೆಕ್ಕದೊಳಗೇ ಇದೆ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳ 215ನೆಯ ನಿಯಮದ ಪ್ರಕಾರ, ವರ್ಷದಲ್ಲಿ ಎರವಲು ಹೋದ ಅಥವಾ ಗ್ರಂಥಾಲಯದಲ್ಲೇ ನೋಡಲಾದ ಪ್ರತಿ ಸಾವಿರ ಸಂಪುಟಕ್ಕೆ ಐದು ಕಳೆದರೆ ಅದನ್ನು ಸಹಜ ನಷ್ಟವೆಂದು ಪರಿಗಣಿಸಬಹುದು. ಅಪ್ರಾಮಾಣಿಕತೆಯಾಗಲಿ ನಿರ್ಲಕ್ಷ್ಯವಾಗಲಿ ಇರಬಾರದು, ಅಷ್ಟೇ. ಸಾವಿರ ರೂಪಾಯಿಗಿಂತ ಹೆಚ್ಚು ಬೆಲೆಯ ಅಥವಾ ಅಪರೂಪದ ಪುಸ್ತಕವಾದರೆ ತನಿಖೆಯಾಗಬೇಕು. ಇಪ್ಪತ್ತು ಸಾವಿರದವರೆಗಿನ ಸಂಗ್ರಹಕ್ಕೆ ಪ್ರತಿ ವರ್ಷ ಪೂರ್ಣ ಪರಿಶೀಲನೆ, ಐವತ್ತು ಸಾವಿರದವರೆಗೆ ಮೂರು ವರ್ಷಕ್ಕೊಮ್ಮೆಯಾದರೂ, ಅದಕ್ಕೂ ಮೇಲೆ ಮಾದರಿ ಪರಿಶೀಲನೆ. ರಾಜ್ಯದ ಗ್ರಂಥಾಲಯಗಳನ್ನು ಈ ನಿಯಮ ನೇರವಾಗಿ ಕಟ್ಟಿಹಾಕುವುದಿಲ್ಲ, ಆದರೆ ವಿವರಣೆ ಬರೆಯುವಾಗ ಕೈಗೆ ಸಿಗುವ ಗಟ್ಟಿ ಅಳತೆಗೋಲು ಇದು.

‘ಎರವಲು ಹೋದ ಅಥವಾ ನೋಡಲಾದ’ ಎಂಬ ಮಾತನ್ನು ಇನ್ನೊಮ್ಮೆ ಓದಿ. ವರ್ಷಕ್ಕೆ ಹತ್ತು ಸಾವಿರ ಎರವಲು ಮಾತ್ರ ದಾಖಲಾಗಿದ್ದರೆ ಸಹಜ ನಷ್ಟದ ಮಿತಿ 50 ಪುಸ್ತಕ. ಅಲ್ಲೇ ಕುಳಿತು ಓದಿದ ಇಪ್ಪತ್ತು ಸಾವಿರವೂ ದಾಖಲಾಗಿದ್ದರೆ ಮಿತಿ 150. ಎಣಿಸದ ಕೆಲಸ ಗೌರವವನ್ನಷ್ಟೇ ಅಲ್ಲ, ಗ್ರಂಥಪಾಲಕರ ಜೇಬನ್ನೂ ಕತ್ತರಿಸುತ್ತದೆ.

ಎಣಿಸುವುದು ಕಷ್ಟವೂ ಅಲ್ಲ. ‘ಓದಿದ ಪುಸ್ತಕವನ್ನು ಮೇಜಿನ ಮೇಲೆಯೇ ಬಿಡಿ, ಕಪಾಟಿಗೆ ಇಡಬೇಡಿ’ ಎಂದು ಫಲಕ ಹಾಕಿ. ಬೇರೆ ಜಾಗಕ್ಕೆ ತುರುಕುವುದೂ ತಪ್ಪುತ್ತದೆ. ವಾಪಸು ಜೋಡಿಸುವ ಮೊದಲು ದಿನಕ್ಕೆ ಎರಡು ಸಲ ಎಣಿಸಿ ಗೆರೆ ಹಾಕಿ. ಗಂಟೆಗೊಮ್ಮೆ ತಲೆ ಎಣಿಕೆ ಮಾಡಿ. ಉತ್ತರಿಸಿದ ಪ್ರತಿ ಪ್ರಶ್ನೆಗೆ ಒಂದು ಗೆರೆ. ‘ಶೌಚಾಲಯ ಎಲ್ಲಿದೆ’ ಎಂಬುದಕ್ಕೆ ಬೇರೆ ಕಾಲಂ, ಪೌತಿ ಖಾತೆಗೆ ಬೇರೆ. ವರ್ಷವಿಡೀ ಮಾಡಲಾಗದಿದ್ದರೆ ವರ್ಷದಲ್ಲಿ ಎರಡು ವಾರ ಸಾಕು. ದಸರೆ ರಜೆಯೂ ಅಲ್ಲದ, ಪರೀಕ್ಷೆಯ ಹಿಂದಿನ ನೂಕುನುಗ್ಗಲೂ ಅಲ್ಲದ ಸಾಧಾರಣ ವಾರ ಆರಿಸಿ, ಒಂದು ವಾರದ ಸರಾಸರಿಯನ್ನು ವರ್ಷದಲ್ಲಿ ತೆರೆದಿದ್ದ ವಾರಗಳಿಂದ ಗುಣಿಸಿ. ಅಂದಾಜು ಎಂದು ವರದಿಯಲ್ಲಿ ಸ್ಪಷ್ಟವಾಗಿ ಬರೆಯಬೇಕು. ಉಬ್ಬಿಸಿದ ಅಂಕಿ ಒಮ್ಮೆ ಸಿಕ್ಕಿಬಿದ್ದರೆ ಸರಿಯಾದ ಅಂಕಿಯನ್ನೂ ಯಾರೂ ನಂಬುವುದಿಲ್ಲ.

ರೂಪಾಯಿಯಲ್ಲೇ ಹೇಳಿ ಎನ್ನುವ ಅಧಿಕಾರಿಗಳೂ ಇದ್ದಾರೆ. ಅದೇ ಊರಿನ ಖಾಸಗಿ ರೀಡಿಂಗ್ ರೂಮಿನ ತಿಂಗಳ ಶುಲ್ಕವನ್ನು ನಿಮ್ಮಲ್ಲಿ ತುಂಬುವ ಕುರ್ಚಿಗಳಿಂದ ಗುಣಿಸಿ ತೋರಿಸಿ, ಸಭೆಯಲ್ಲಿ ಕೆಲಸ ಮಾಡುತ್ತದೆ. ನನಗೆ ಮಾತ್ರ ಈ ಲೆಕ್ಕ ಪೂರ್ತಿ ಹಿಡಿಸುವುದಿಲ್ಲ. ಆ ಶುಲ್ಕ ಕೊಡುವ ಶಕ್ತಿಯೇ ಇಲ್ಲದ ಹುಡುಗಿ ಆ ಗುಣಾಕಾರದಲ್ಲಿ ಎಲ್ಲಿದ್ದಾಳೆ?

ಹಣ ಎಲ್ಲಿಂದ ಬರುತ್ತದೆ ಎಂಬುದೂ ನಿಮಗೆ ತಿಳಿದಿರಲಿ. ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1965ರದ್ದು. ಅದರ ಅಡಿಯಲ್ಲಿ ಆಸ್ತಿ ತೆರಿಗೆಯ ಮೇಲೆ ಗ್ರಂಥಾಲಯ ಕರ ಇದೆ, ಈಗ ಶೇ 6. ಮನೆ ಕಂದಾಯದ ರಸೀದಿ ತೆಗೆದು ನೋಡಿ, ಆರೋಗ್ಯ ಕರ ಮತ್ತು ಭಿಕ್ಷುಕರ ಕರದ ನಡುವೆ ಎಲ್ಲೋ ಇರುತ್ತದೆ. ಐದು ಸಾವಿರ ಕಂದಾಯ ಕಟ್ಟುವ ಮನೆಯಿಂದ ಮುನ್ನೂರು ರೂಪಾಯಿ. ಸೋದರಮಾವ ಲೈಬ್ರರಿಗೆ ಹೋಗದಿದ್ದರೂ ವರ್ಷ ವರ್ಷ ಚಂದಾ ಕಟ್ಟುತ್ತಲೇ ಇದ್ದಾರೆ. ಕರ ವಸೂಲಿ ಮಾಡುವುದು ಸ್ಥಳೀಯ ಸಂಸ್ಥೆ, ಖರ್ಚು ಮಾಡಬೇಕಾದದ್ದು ಗ್ರಂಥಾಲಯ ಪ್ರಾಧಿಕಾರ. ಈ ಕೈಯಿಂದ ಆ ಕೈಗೆ ದಾಟುವಲ್ಲಿ ಹಣ ತಡವಾಗುತ್ತದೆ, ಬಾಕಿ ಉಳಿಯುತ್ತದೆ. ಬಾಡಿಗೆ, ವಿದ್ಯುತ್, ಪತ್ರಿಕೆ ಬಿಲ್ಲು ನಿಲ್ಲುವುದು ಆಗ. ಎದುರಿಗೆ ಸಿಗುವವರು ಗ್ರಂಥಪಾಲಕರಾದ್ದರಿಂದ ಬೈಗುಳ ಅವರಿಗೇ.

ಪುಸ್ತಕದ ಆಯ್ಕೆಯೂ ಬಹುಪಾಲು ಅವರ ಕೈಯಲ್ಲಿಲ್ಲ. ಸಗಟು ಖರೀದಿಯಲ್ಲಿ ರಾಜ್ಯ ಮಟ್ಟದ ಸಮಿತಿ ಆರಿಸಿದ ಪಟ್ಟಿ ಎಲ್ಲ ಕಡೆಗೂ ಹಂಚಿಕೆಯಾಗುತ್ತದೆ. ಕನ್ನಡ ಪ್ರಕಾಶನವನ್ನು ಬದುಕಿಸಿರುವುದರಲ್ಲಿ ಈ ಖರೀದಿಯ ಪಾಲು ದೊಡ್ಡದು, ಅದನ್ನು ಅಲ್ಲಗಳೆಯಬಾರದು. ಆದರೆ ಕರಾವಳಿಯ ಮೀನುಗಾರರ ಊರಿಗೂ ಬಯಲುಸೀಮೆಯ ತೊಗರಿ ಬೆಳೆಯುವ ಊರಿಗೂ ಒಂದೇ ಕಟ್ಟು ಹೋದರೆ ಅರ್ಧ ಪುಸ್ತಕ ಬೆನ್ನು ಮಡಿಸದೆ ಕೂರುತ್ತದೆ. ಸ್ಥಳೀಯವಾಗಿ ಮಾಡಬಹುದಾದದ್ದು ಒಂದಿದೆ. ಓದುಗರು ಕೇಳಿ ಸಿಗದೇ ಹೋದ ಶೀರ್ಷಿಕೆ, ವಿಷಯಗಳ ಪಟ್ಟಿಯನ್ನು ದಿನಾಂಕ ಸಮೇತ ಇಟ್ಟು, ಬೇಡಿಕೆ ಕೇಳಿದಾಗ ಆ ಪಟ್ಟಿಯನ್ನೇ ಮೇಲಕ್ಕೆ ಕಳಿಸುವುದು. ‘ಇನ್ನಷ್ಟು ಒಳ್ಳೆಯ ಪುಸ್ತಕ ಬೇಕು’ ಎಂಬ ಪತ್ರಕ್ಕೆ ಉತ್ತರ ಬರುವುದಿಲ್ಲ. ‘ಆರು ತಿಂಗಳಲ್ಲಿ ನಲವತ್ತು ಜನ ಹೈನುಗಾರಿಕೆ ಪುಸ್ತಕ ಕೇಳಿದರು, ನಮ್ಮಲ್ಲಿ ಒಂದೂ ಇಲ್ಲ’ ಎಂಬುದಕ್ಕೆ ಕೆಲವೊಮ್ಮೆ ಬರುತ್ತದೆ.

ಈಗ ಮಗಳ ದಾರಿ. ಇದು ಒಂದೇ ಉದ್ಯೋಗವಲ್ಲ, ಒಂದೇ ಹೆಸರಿನ ಮೂರು ನಾಲ್ಕು ಬದುಕು.

ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಐದೂವರೆ ಸಾವಿರಕ್ಕೂ ಹೆಚ್ಚಿವೆ. 2019ರಲ್ಲಿ ಅವು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಹೋದವು, ಈಗ ‘ಅರಿವು ಕೇಂದ್ರ’ ಎಂಬ ಹೆಸರು. ಅಲ್ಲಿರುವವರು ಗ್ರಂಥಾಲಯ ಮೇಲ್ವಿಚಾರಕರು. ಆ ಹುದ್ದೆಗೆ ಪದವಿ ಬೇಡ. ಇತ್ತೀಚಿನ ಪ್ರಕಟಣೆಗಳು ಕೇಳುವುದು ಪಿಯುಸಿ, ಗ್ರಂಥಾಲಯ ವಿಜ್ಞಾನದ ಸರ್ಟಿಫಿಕೇಟ್ ಕೋರ್ಸ್, ಅಷ್ಟಿಷ್ಟು ಕಂಪ್ಯೂಟರ್ ತರಬೇತಿ. ಗೌರವಧನದ ಲೆಕ್ಕದಲ್ಲಿ ಬೆಳೆದುಬಂದ ಕೆಲಸ ಇದು, ಕನಿಷ್ಠ ವೇತನಕ್ಕಾಗಿ, ಸೇವಾ ಭದ್ರತೆಗಾಗಿ ವರ್ಷಗಟ್ಟಲೆ ಬೇಡಿಕೆ ಇಟ್ಟವರು ಇವರು. 2020ರ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಹಳ್ಳಿಯ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಮೇಲೆ ಇವರ ಕೆಲಸದ ಸ್ವರೂಪವೇ ಬದಲಾಯಿತು. ಕಥೆ ಓದಿಸುವುದು, ಬೇಸಿಗೆ ಶಿಬಿರ, ಚೆಸ್, ಕಂಪ್ಯೂಟರ್ ಎಲ್ಲವೂ ಒಬ್ಬರ ತಲೆಯ ಮೇಲೆ. ಮಕ್ಕಳ ಒಡನಾಟ ಇಷ್ಟವಿದ್ದರೆ ಇದಕ್ಕಿಂತ ಜೀವಂತ ಕೆಲಸ ಸಿಗದು. ಅದನ್ನೇ ನಂಬಿ ಸಂಸಾರ ನಡೆಸುವುದು ಬೇರೆ ಮಾತು.

ನಗರ, ಜಿಲ್ಲಾ ಕೇಂದ್ರ ಗ್ರಂಥಾಲಯಗಳಲ್ಲಿ ಗ್ರಂಥಾಲಯ ಸಹಾಯಕರಿಂದ ಹಿಡಿದು ಉಪನಿರ್ದೇಶಕರವರೆಗೆ ಮೆಟ್ಟಿಲುಗಳಿವೆ. ಕಾಯಂ ನೌಕರರಿಗೆ ಸರ್ಕಾರಿ ವೇತನ ಶ್ರೇಣಿ. ತೊಂದರೆ ಎಂದರೆ ಅಧಿಸೂಚನೆ ಅಪರೂಪ, ಬಂದಾಗ ಹುದ್ದೆ ಕಡಿಮೆ, ಅರ್ಜಿ ವಿಪರೀತ. ನಡುವಿನ ಖಾಲಿ ಜಾಗವನ್ನು ಹೊರಗುತ್ತಿಗೆಯವರು ತುಂಬುತ್ತಾರೆ. ಹೊರಗುತ್ತಿಗೆಗೆ ಸೇರುವುದಾದರೆ ಪಿಎಫ್, ಇಎಸ್‌ಐ ಕಟ್ಟುತ್ತಾರೆಯೇ, ವೇತನ ಚೀಟಿ ಕೊಡುತ್ತಾರೆಯೇ, ಕರಾರು ಎಷ್ಟು ತಿಂಗಳದ್ದು, ದಾಸ್ತಾನಿನ ಹೊಣೆ ಯಾರದ್ದು ಎಂದು ಬರಹದಲ್ಲಿ ಕೇಳಿ. ಕೊನೆಯ ಪ್ರಶ್ನೆಯನ್ನು ಮರೆಯುವವರೇ ಹೆಚ್ಚು. ಸಾವಿರಾರು ಪುಸ್ತಕದ ಹೊಣೆಯನ್ನು ಎಣಿಸದೆ, ಪಟ್ಟಿಗೆ ಇಬ್ಬರ ಸಹಿ ಇಲ್ಲದೆ ವಹಿಸಿಕೊಂಡರೆ ಹಿಂದಿನವರ ಕಾಲದ ನಷ್ಟವೂ ನಿಮ್ಮ ತಲೆಗೆ ಬರುತ್ತದೆ. ಹತ್ತು ಸಾವಿರ ಪುಸ್ತಕವನ್ನು ಇಬ್ಬರು, ಒಬ್ಬರು ಓದಿ ಒಬ್ಬರು ಗುರುತು ಹಾಕುತ್ತಾ, ಗಂಟೆಗೆ ಇನ್ನೂರರಂತೆ ನೋಡಿದರೆ ಐವತ್ತು ಗಂಟೆ. ಆ ಐವತ್ತು ಗಂಟೆ ಕೇಳಿ ಪಡೆಯಬೇಕು.

ಇನ್ನೊಂದು ದಾರಿ ಕಾಲೇಜಿನದ್ದು. ಎಂ.ಲಿಬ್. (ಗ್ರಂಥಾಲಯ ವಿಜ್ಞಾನದ ಸ್ನಾತಕೋತ್ತರ ಪದವಿ) ಮುಗಿಸಿ, ಅದೇ ವಿಷಯದಲ್ಲಿ ನೆಟ್ ಅಥವಾ ಕೆ-ಸೆಟ್ ಅರ್ಹತಾ ಪರೀಕ್ಷೆ ತೇರ್ಗಡೆಯಾದರೆ ಪ್ರಥಮ ದರ್ಜೆ ಕಾಲೇಜಿನ ಗ್ರಂಥಪಾಲಕ ಹುದ್ದೆಗೆ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ವೇತನ ಶ್ರೇಣಿ ಇದೆ. ಸಂಬಳದಲ್ಲಿ ಸಾರ್ವಜನಿಕ ಗ್ರಂಥಾಲಯಕ್ಕೂ ಇದಕ್ಕೂ ದೊಡ್ಡ ಅಂತರ, ಗೌರವದ ಅಂತರವೂ ಅಲ್ಲಿಂದಲೇ ಹುಟ್ಟುತ್ತದೆ. ವಿದ್ಯೆ ಒಂದೇ, ಪಠ್ಯ ಒಂದೇ. ಊರಿಗೆಲ್ಲ ಬಾಗಿಲು ತೆರೆದವರಿಗೆ ಕಡಿಮೆ, ಪ್ರವೇಶ ಪಡೆದ ವಿದ್ಯಾರ್ಥಿಗಳಿಗೆ ಮಾತ್ರ ತೆರೆದವರಿಗೆ ಹೆಚ್ಚು. ಇದು ಸರಿಯೆಂದು ನನಗೆ ಯಾವತ್ತೂ ಅನ್ನಿಸಿಲ್ಲ, ಆದರೆ ಮಗಳಿಗೆ ಸಲಹೆ ಕೊಡುವಾಗ ಮುಚ್ಚಿಡುವ ಸಂಗತಿಯೂ ಅಲ್ಲ. ಆದ್ದರಿಂದ ಬಿ.ಲಿಬ್.ಗೆ ನಿಲ್ಲಿಸದೆ ಎಂ.ಲಿಬ್.ವರೆಗೆ ಹೋಗಲಿ, ಅದೇ ವರ್ಷ ಕೆ-ಸೆಟ್ ಬರೆಯಲಿ, ಎರಡೂ ಬಾಗಿಲು ತೆರೆದಿರಲಿ. ಕಾಲೇಜಿಗೆ ಹೋಗಿ ಕಲಿಯಲಾಗದಿದ್ದರೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಲ್ಲಿ ಎರಡೂ ಕೋರ್ಸ್ ಇವೆ. ಅಂಚೆಯಲ್ಲಿ ಕಲಿತವರಿಗೆ ಕೈಕೆಲಸದ ಕೊರತೆ ಉಳಿಯುತ್ತದೆ. ಮನೆಯ ಕಂಪ್ಯೂಟರಿನಲ್ಲಿ ಕೋಹಾ ಹಾಕಿಕೊಂಡು, ಮನೆಯಲ್ಲಿರುವ ಇನ್ನೂರು ಕನ್ನಡ ಪುಸ್ತಕವನ್ನಾದರೂ ಯೂನಿಕೋಡ್‌ನಲ್ಲಿ ಏರಿಸಿ ಅಭ್ಯಾಸ ಮಾಡಲಿ. ತಂತ್ರಾಂಶ ಉಚಿತ. ಹಾಕಲು ಲಿನಕ್ಸ್ ಕಲಿಯಬೇಕಾಗುತ್ತದೆ, ಆ ಕಲಿಕೆ ಬೇರೆಡೆಯೂ ಉಪಯೋಗಕ್ಕೆ ಬರುತ್ತದೆ.

ಅರ್ಜಿ ಹಾಕುವ ಮೊದಲು ಅವಳು ನಿಮ್ಮ ಊರಿನ ಶಾಖಾ ಗ್ರಂಥಾಲಯದಲ್ಲಿ ಅನುಮತಿ ಕೇಳಿ ಎರಡು ದಿನ ಕೂರಲಿ. ಒಂದು ಭಾನುವಾರ ಸಂಜೆ, ಇನ್ನೊಂದು ಮಂಗಳವಾರ ಬೆಳಿಗ್ಗೆ. ಭಾನುವಾರ ಜನ ತಿಳಿಯುತ್ತಾರೆ. ಮಂಗಳವಾರ, ಸೋಮವಾರದ ರಜೆ ಕಳೆದ ಮೇಲೆ, ಎರಡು ದಿನದ ಪತ್ರಿಕೆ, ವಾಪಸು ಬಂದ ಪುಸ್ತಕ, ದೂಳು, ಕೆಟ್ಟ ಟ್ಯೂಬ್‌ಲೈಟ್ ಎಲ್ಲ ಒಟ್ಟಿಗೆ ಎದುರಾಗುತ್ತವೆ. ಕೈಯಲ್ಲಿ ಒಂದು ನೋಟ್‌ಬುಕ್ ಇರಲಿ, ಜನ ಕೇಳುವ ಪ್ರಶ್ನೆಗಳನ್ನೆಲ್ಲ ಬರೆದುಕೊಳ್ಳಲಿ. ಸೋದರಮಾವನಿಗೆ ಬಿಡುವಿದ್ದರೆ ಮಂಗಳವಾರ ಅವರನ್ನೂ ಕರೆದುಕೊಂಡು ಹೋಗಲಿ, ಪೇಪರ್ ಜೋಡಿಸಲು ಒಬ್ಬರು ಬೇಕಾಗುತ್ತದೆ.